ಬಸಳಾವತಿಗೆ ವೀಸಾ

ಮದುವೆಯಾಗಿ ಬಾಳೂರಿನ ಹತ್ತಿರದ ಎಸ್ಟೇಟಿಗೆ ಬಂದಾಗ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ದೇಶ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸಂಬಂಧ ಗೊತ್ತು ಮಾಡುವಾಗ ಏನೇನು ವಿಚಾರಿಸಬೇಕೋ ಅದೆಲ್ಲವನ್ನೂ ನಮ್ಮಮ್ಮ ವಿಚಾರಿಸಿದ್ದರು. ಗಂಡಿಗೆ ಕುಡಿತ ಇದೆಯಾ, ಬಿ.ಪಿ. ಇದೆಯಾ, ಮೊದಲ ಹೆಂಡತಿಗೆ ಏನಾಗಿತ್ತು, ಅವಳ ಮಗಳು ಹಟಮಾರಿಯಾ. ಹುಡುಗಿಗೆ ಒಂಬತ್ತು ವರ್ಷ, ಮಾತು ಕಡಿಮೆ, ಇದ್ದಾಳೋ ಇಲ್ಲವೋ ಗೊತ್ತಾಗಲ್ಲ ಅಂತ ಉತ್ತರ ಬಂದಿತ್ತು. ಇದ್ದಾಳೋ ಇಲ್ಲವೋ ಗೊತ್ತಾಗದ ಆ ಹುಡುಗಿ ಒಂದು ರಾಷ್ಟ್ರವನ್ನು ಸ್ಥಾಪಿಸಿ, ಅದರ ಚರಿತ್ರೆ ಭೂಗೋಳ ಎರಡನ್ನೂ ತಾನೇ ಪಾಠ ಮಾಡಿಕೊಂಡು, ಗಡಿಯನ್ನೂ ತಾನೇ ಕಾಯುತ್ತಿದ್ದಳು. ಇಂಥದ್ದನ್ನು ವಿಚಾರಿಸಬೇಕು ಅಂತ ಯಾವ ತಾಯಿಗೆ ಹೊಳೆಯುತ್ತದೆ ಹೇಳಿ.

ನಾನು ಚಿಕ್ಕಮಗಳೂರು ಪೇಟೆಯವಳು. ಮದುವೆಗೆ ಮುಂಚೆ ಸೀರೆ ಅಂಗಡಿಯಲ್ಲಿ ಕೆಲಸ. ಯಾರಿಗೂ ಬೇಡದ ಬಣ್ಣದ ಸೀರೆಯನ್ನೂ ‘ನಿಮಗೇ ಅಂತ ನೇಯ್ದ ಹಾಗಿದೆ ಅಕ್ಕ’ ಅಂತ ಹೇಳಿ ಮಾರಿದವಳು. ಬಾಯಿ ಸ್ವಲ್ಪ ಜೋರು, ಸಿಟ್ಟು ಅದಕ್ಕಿಂತ ಜೋರು. ಮೂವತ್ತನಾಲ್ಕು ದಾಟಿದ ಮೇಲೆ, ಹೆಂಡತಿ ತೀರಿಕೊಂಡಿದ್ದ ಎಸ್ಟೇಟ್ ರೈಟರೊಬ್ಬರ ಸಂಬಂಧ ಬಂತು. ರೈಟರು ಅಂದರೆ ಕತೆ ಬರೆಯುವವರಲ್ಲ. ತೋಟದ ಆಳುಕಾಳು, ಹಾಜರಿ, ಗೊಬ್ಬರ ಎಲ್ಲ ನೋಡಿಕೊಳ್ಳುವವರು. ಮನುಷ್ಯ ಮೆದು, ನಕ್ಕರೆ ಚೆನ್ನಾಗಿ ಕಾಣುತ್ತಿದ್ದರು. ಒಪ್ಪಿಕೊಂಡೆ.

ಕಾರ್ತಿಕದಲ್ಲಿ ಮದುವೆ ಆಯಿತು. ಬಂದ ವಾರದಲ್ಲೇ ಒಂದು ಎಡವಟ್ಟು. ಅಡುಗೆಮನೆಯ ಹಿಂದೆ, ಬಚ್ಚಲ ನೀರು ಹೋಗುವ ಕಡೆ, ಬಸಳೆಯ ಚಪ್ಪರವೊಂದು ಸೊಂಪಾಗಿ ಹಬ್ಬಿತ್ತು. ಅದರ ಒಂದು ಮಗ್ಗುಲಿನ ಬಳ್ಳಿಯನ್ನೆಲ್ಲ ಕೊಯ್ದು ಹುಳಿ ಮಾಡಿದೆ. ಹುಡುಗಿ ತಟ್ಟೆಯನ್ನೇ ನೋಡುತ್ತಾ ಕೂತಳು. ಒಂದು ತುತ್ತು ಮುಟ್ಟಲಿಲ್ಲ, ಅಳಲೂ ಇಲ್ಲ. ಆಮೇಲೆ ಗಂಡ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, ‘ಆ ಚಪ್ಪರ ಅವಳಮ್ಮ ಹಾಕಿದ್ದು. ಅದಲ್ದೆ, ಬಸಳಾವತಿ ಶುರುವಾಗೋದು ಅಲ್ಲಿಂದ್ಲೇ.’

‘ಏನಾವತಿ?’

‘ಬಸಳಾವತಿ. ಅವಳ ದೇಶ.’

ಅಂದರೆ ನಾನು ಕಾಲಿಟ್ಟ ವಾರದಲ್ಲೇ ಪರದೇಶದ ಹೆಬ್ಬಾಗಿಲನ್ನು ಕೊಯ್ದು, ಬೇಳೆ ಹಾಕಿ, ಕುದಿಸಿ, ಒಗ್ಗರಣೆ ಕೊಟ್ಟಿದ್ದೆ. ಇದಕ್ಕಿಂತ ಸಣ್ಣ ಕಾರಣಕ್ಕೆ ಜಗತ್ತಿನಲ್ಲಿ ಯುದ್ಧಗಳಾಗಿವೆ. ಬಸಳಾವತಿ ಯುದ್ಧ ಸಾರಲಿಲ್ಲ. ನನಗೆ ಪ್ರವೇಶ ನಿಷೇಧಿಸಿತು, ಅಷ್ಟೆ. ಚಪ್ಪರದಿಂದ ಆಚೆ ನಾನು ಕಾಲಿಡುವಂತಿರಲಿಲ್ಲ.

ಇನ್ನೊಂದು ತೊಂದರೆ ಇತ್ತು. ಹುಡುಗಿ ನನ್ನನ್ನು ಏನೂ ಅಂತ ಕರೆಯುತ್ತಿರಲಿಲ್ಲ. ತೋಟದ ಆಳುಗಳಿರುವ ಲೈನ್ ಮನೆಗಳ ಹೆಂಗಸರೆಲ್ಲ ಹೇಳಿ ನೋಡಿದರು. ‘ಅಮ್ಮ ಅನ್ನೇ ಪುಟ್ಟಿ’ ಅಂತ ಒಬ್ಬರು, ‘ಅಮ್ಮ ಬೇಡ್ದಿದ್ರೆ ಚಿಕ್ಕಮ್ಮ ಅನ್ನು’ ಅಂತ ಇನ್ನೊಬ್ಬರು. ಅವಳು ತಲೆ ಆಡಿಸುತ್ತಿದ್ದಳು, ಯಾವುದನ್ನೂ ಅನ್ನುತ್ತಿರಲಿಲ್ಲ. ಹಸಿವಾದರೆ ‘ಹಸಿವು’ ಅಂತ ಪಾತ್ರೆಗೆ ಹೇಳುವಳು. ‘ಜಡೆ ಹಾಕೋದಿತ್ತು’ ಅಂತ ಬಾಚಣಿಗೆಗೆ ಹೇಳುವಳು. ಬಾಚಣಿಗೆ ಎದ್ದು ಬಂದು ಜಡೆ ಹಾಕುತ್ತದೆಯೇ? ನಾನೇ ಹಾಕುತ್ತಿದ್ದೆ. ನನ್ನ ಸಿಟ್ಟು ನೆತ್ತಿಗೇರುತ್ತಿತ್ತು. ಗಂಡನ ಹತ್ತಿರ ಕೂಗಾಡಿದರೆ, ‘ಸ್ವಲ್ಪ ಟೈಮ್ ಕೊಡು ಮಾರಾಯ್ತಿ’ ಅನ್ನುವರು. ಕೊಡುತ್ತಿದ್ದೆ. ಆದರೆ ಈ ಮನೆಯಲ್ಲಿ ಪಾತ್ರೆಗಿರುವ ಬೆಲೆಯೂ ನನಗಿಲ್ಲ ಅಂತ ಒಳಗೊಳಗೇ ನೋಯುತ್ತಿತ್ತು.

ಬಸಳಾವತಿಯ ಬಗ್ಗೆ ನಾನು ಕಲಿತದ್ದೆಲ್ಲ ಕದ್ದು ಕೇಳಿ. ಭಾನುವಾರ ಅವಳು ನಾಯಿಯನ್ನೂ ಎರಡು ಹೇಂಟೆ ಕೋಳಿಗಳನ್ನೂ ಚಪ್ಪರದ ಆಚೆ ಕೂರಿಸಿಕೊಂಡು ಜೋರಾಗಿ ಪಾಠ ಮಾಡುತ್ತಿದ್ದಳು. ನಮ್ಮ ಹತ್ತಿರ ಮಾತಾಡದ ಹುಡುಗಿ ಹೇಂಟೆಗಳ ಹತ್ತಿರ ಏನು ಮಾತು! ನಾನು ಅಡುಗೆಮನೆಯ ಕಿಟಕಿಯ ಕೆಳಗೆ ಈರುಳ್ಳಿ ಹೆಚ್ಚುತ್ತಾ ಕೂರುತ್ತಿದ್ದೆ. ಮೂರು ಜನಕ್ಕೆ ಅಷ್ಟು ಈರುಳ್ಳಿ ಯಾಕೆ ಅಂತ ಗಂಡ ಒಮ್ಮೆಯೂ ಕೇಳಲಿಲ್ಲ.

ಭೂಗೋಳ ಹೀಗಿತ್ತು. ಬಸಳಾವತಿಯ ಪೂರ್ವಕ್ಕೆ ಬಸಳೆ ಚಪ್ಪರ, ಉತ್ತರಕ್ಕೆ ಸಿಲ್ವರ್ ಓಕ್ ಮರಗಳ ಸಾಲು, ದಕ್ಷಿಣಕ್ಕೆ ಕಾಫಿ ಒಣಗಿಸುವ ಕಣ. ಕಣವೇ ಆ ದೇಶದ ಮರುಭೂಮಿ. ನಡುವೆ ಪಾಚಿ ಹಿಡಿದ ಒಂದು ದೊಡ್ಡ ಬಂಡೆ, ಅದು ಪರ್ವತ. ಪರ್ವತದ ಬುಡದಲ್ಲಿ ರಾಜಧಾನಿ. ಪಶ್ಚಿಮಕ್ಕೆ ಏನಿದೆ ಅಂತ ‘ಯಾರಿಗೂ ಗೊತ್ತಿಲ್ಲ’. ಅಲ್ಲಿ ತೋಟ ಮುಗಿದು ಕಾಡು ಶುರುವಾಗುತ್ತದೆ, ಆನೆ ಬರುತ್ತದೆ. ಆನೆಗಳ ಜೊತೆ ಬಸಳಾವತಿಗೆ ಒಂದು ಒಪ್ಪಂದವಿತ್ತು. ಆನೆಗಳು ಯಾವಾಗ ಬೇಕಾದರೂ ಬರಬಹುದು, ಬಂದ ಕೂಡಲೇ ಬಸಳಾವತಿಯ ಪ್ರಜೆಗಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಇಷ್ಟು ಸ್ಪಷ್ಟವಾದ ಒಪ್ಪಂದವನ್ನು ಆನೆಗಳ ಜೊತೆ ಇನ್ನೂ ಯಾರೂ ಮಾಡಿಕೊಂಡಿಲ್ಲ.

ದೇಶಕ್ಕೆ ತೆರಿಗೆ ಇಲಾಖೆಯೂ ಇತ್ತು. ಇಲಾಖೆಯ ನೌಕರರು ಇಂಬಳಗಳು. ಮಳೆಗಾಲದಲ್ಲಿ ಮಾತ್ರ ಕಚೇರಿ ತೆರೆಯುತ್ತದೆ. ಯಾರು ಎಷ್ಟು ಕೊಟ್ಟರು ಅಂತ ಕೇಳುವುದಿಲ್ಲ, ಕಾಲಿಗೆ ಹತ್ತಿ ತಮಗೆ ಬೇಕಾದಷ್ಟು ರಕ್ತ ಹೀರಿಕೊಂಡು ತಾವೇ ಉದುರಿ ಬೀಳುತ್ತವೆ. ಕಿಟಕಿಯ ಕೆಳಗೆ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಚರಿತ್ರೆಯ ವಿಷಯಕ್ಕೆ ಬಂದರೆ, ಮೊದಲು ಈ ಕಡೆಯ ಜನರ ಒಂದು ಚಾಳಿ ಹೇಳಬೇಕು. ಇಲ್ಲಿ ಮಳೆ ಬಿದ್ದ ಮರುದಿನ ಯಾರಿಗೆ ಫೋನ್ ಮಾಡಿದರೂ ಹೇಗಿದ್ದೀರಿ ಅಂತ ಕೇಳುವುದಿಲ್ಲ. ‘ನಿಮ್ಮಲ್ಲಿ ಎಷ್ಟು ಬಂತು?’ ಅಂತಲೇ ಶುರು. ‘ಎಂಬತ್ತು ಸೆಂಟು.’ ‘ಅಯ್ಯೋ, ನಮ್ಮಲ್ಲಿ ಇಂಚಿನ ಮೇಲೆ ಇಪ್ಪತ್ತು ಬಂತಲ್ಲ!’ ನೂರು ಸೆಂಟಿಗೆ ಒಂದಿಂಚು. ಸೀರೆ ಅಂಗಡಿಯಲ್ಲಿ ಇಂಚು ಅಂದರೆ ಬ್ಲೌಸಿನ ತೋಳು. ಇಲ್ಲಿ ಇಂಚು ಅಂದರೆ ಆಕಾಶ. ಯಾರ ಮದುವೆ ಯಾವ ವರ್ಷ ಅಂದರೆ ಇಸವಿ ಹೇಳುವುದಿಲ್ಲ, ಆ ವರ್ಷದ ಮಳೆ ಎಷ್ಟಿಂಚು ಅಂತ ಹೇಳುತ್ತಾರೆ. ಅಂಥ ಅಪ್ಪನ ಮಗಳು ಚರಿತ್ರೆ ಬರೆದರೆ ರಾಜರಿಗೆ ಬೇರೆ ಹೆಸರು ಎಲ್ಲಿಂದ ಬರಬೇಕು?

ಬಸಳಾವತಿಯ ಮೊದಲ ದೊರೆ ತೊಂಬತ್ತು ಇಂಚಿನ ರಾಜ. ಮಹಾ ಜಿಪುಣ. ಅವನ ಕಾಲದಲ್ಲಿ ಬಾವಿಯ ತಳ ಕಂಡಿತ್ತು. ಅವನ ನಂತರ ನೂರಿಪ್ಪತ್ತು ಇಂಚಿನ ರಾಜ, ಒಳ್ಳೆಯವನೇ, ಆದರೆ ಸೋಂಬೇರಿ. ಆಮೇಲೆ ಬಂದವಳು ನೂರೆಂಬತ್ತು ಇಂಚಿನ ರಾಣಿ. ಅವಳ ಕಾಲದಲ್ಲಿ ಗುಡ್ಡ ಜರಿಯಿತು, ರಸ್ತೆ ಕಡಿಯಿತು, ಕರೆಂಟು ಹೋಗಿ ವಾರಗಟ್ಟಲೆ ಬರಲಿಲ್ಲ, ಶಾಲೆಗೆ ರಜೆಯ ಮೇಲೆ ರಜೆ. ರಾಣಿ ಹೆದರಲಿಲ್ಲ. ಪ್ರಜೆಗಳನ್ನೆಲ್ಲ ಒಲೆಯ ಮುಂದೆ ಕೂರಿಸಿ ಹಲಸಿನ ಹಪ್ಪಳ ಸುಟ್ಟು ಕೊಟ್ಟಳು. ಪ್ರಜೆಗಳ ಸಾಕ್ಸನ್ನು ಒಲೆಯ ಮೇಲೆ ಒಣಗಿಸಿ, ಬಿಸಿಬಿಸಿಯಾಗಿ ಕಾಲಿಗೆ ಹಾಕಿದಳು. ಮಳೆ ಮುಗಿಯಿತು, ರಾಣಿಯ ಆಳ್ವಿಕೆಯೂ ಮುಗಿಯಿತು. ‘ಈಗ ಸಿಂಹಾಸನ ಖಾಲಿ ಇದೆ, ಯಾರೂ ಕೂತ್ಕೊಳಂಗಿಲ್ಲ’ ಅಂತ ಹುಡುಗಿ ಹೇಂಟೆಗಳಿಗೆ ಎಚ್ಚರಿಕೆ ಕೊಟ್ಟಳು.

ಅವಳಮ್ಮ ತೀರಿಕೊಂಡದ್ದು ಜೋರು ಮಳೆ ಬಂದ ವರ್ಷ, ಮಳೆಗಾಲ ಕಳೆದ ಮೇಲೆ, ಅಂತ ಗಂಡ ಒಮ್ಮೆ ಹೇಳಿದ್ದು ಥಟ್ಟನೆ ನೆನಪಾಯಿತು. ಹೆಚ್ಚಿದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಗೋಡೆಗೆ ಒರಗಿ ಕೂತೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವತ್ತಿನಿಂದ ನಾನು ಆ ಸಿಂಹಾಸನದ ಕಡೆ ಕಣ್ಣೆತ್ತಿ ನೋಡಲಿಲ್ಲ. ಸುಮ್ಮನೆ ಒಳಗೆ ಬಿಟ್ಟುಕೊಂಡರೆ ಸಾಕಾಗಿತ್ತು.

ಅದಕ್ಕೆ ಲಂಚ ಕೊಟ್ಟೂ ನೋಡಿದೆ. ಕೊಬ್ಬರಿ ಮಿಠಾಯಿ ಮಾಡಿ ತಟ್ಟೆಯಲ್ಲಿಟ್ಟು ಚಪ್ಪರದ ಬುಡದಲ್ಲಿ ಇಟ್ಟು ಬಂದೆ. ತಟ್ಟೆ ಖಾಲಿಯಾಗಿ ವಾಪಸು ಬಂತು. ಕಿಟಕಿಯಿಂದ ಕೇಳಿಸಿದ್ದು ಇಷ್ಟು, ನಾಯಿಗೆ ಹೇಳುತ್ತಿದ್ದಳು: ‘ಸಹಾಯ ತಗೊಂಡಿದೀವಿ. ಅಂದ್ರೆ ಸಂಬಂಧ ಇದೆ ಅಂತಲ್ಲ.’

ಹೀಗೆ ಚಳಿಗಾಲ ಕಳೆದು ಕಾಫಿ ಕುಯ್ಲು ಮುಗಿಯಿತು. ಫೆಬ್ರವರಿ ಕಳೆದು ಮಾರ್ಚ್ ಬಂತು. ತೋಟದವರೆಲ್ಲ ಆಕಾಶ ನೋಡುತ್ತಾ ಓಡಾಡುತ್ತಿದ್ದರು. ಆ ಹೊತ್ತಿನ ಮೊದಲ ಮಳೆಗೆ ಹೂ ಮಳೆ ಅನ್ನುತ್ತಾರೆ. ಅದು ಸರಿಯಾಗಿ ಬಿದ್ದರೆ ವಾರ ಹತ್ತು ದಿನದಲ್ಲಿ ಕಾಫಿ ಗಿಡ ಹೂ ಬಿಡುತ್ತದೆ. ಇಂಚಿನ ಮೇಲೆ ಬಂದರೆ ಸರಿ. ಕಡಿಮೆ ಬಂದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಬೇಕು. ಇಲ್ಲದಿದ್ದರೆ ಹೂವು ಅರೆಬರೆಯಾಗಿ ಮುಂದಿನ ಫಸಲೇ ಕೆಡುತ್ತದಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದ ವಿಷಯ.

ಆಮೇಲೆ ಗೊತ್ತಾಗಿದ್ದೇ ಎಡವಟ್ಟಾಯಿತು. ಅದೇ ವಾರ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಡೆಂಗಿ ಸೊಳ್ಳೆಯ ಬಗ್ಗೆ ಹೇಳಿ ಹೋಗಿದ್ದರು. ಎಲ್ಲೂ ನೀರು ನಿಲ್ಲಬಾರದು, ತೆಂಗಿನ ಚಿಪ್ಪು, ಡಬ್ಬ, ಟಯರು ಏನಿದ್ದರೂ ಬೋರಲು ಹಾಕಿ ಅಂತ. ನನಗೆ ಇಂಥ ಕೆಲಸ ಬಲು ಇಷ್ಟ. ಮರುದಿನವೇ ಸಂಜೆ ಗುಡುಗು ಸಿಡಿಲಿನ ಜೊತೆ ಮಳೆ ಬಂತು. ಬೆಳಿಗ್ಗೆ ಗಂಡ ಕೆಲಸದವರನ್ನು ಕಳಿಸಲು ಹೋದ ಹೊತ್ತಿನಲ್ಲಿ ನಾನು ಸೊಂಟ ಕಟ್ಟಿ ಅಂಗಳಕ್ಕೆ ಇಳಿದೆ. ಚಿಪ್ಪು ಬೋರಲು ಹಾಕಿದೆ, ಬಕೆಟ್ ಬೋರಲು ಹಾಕಿದೆ, ನಾಯಿಯ ತಟ್ಟೆ ಬೋರಲು ಹಾಕಿದೆ. ಅಂಗಳದ ನಡುವೆ ಕಟ್ಟೆಯ ಮೇಲೆ ತಗಡಿನ ಡಬ್ಬವೊಂದು ನಿಂತಿತ್ತು. ನಾನು ಬಂದಾಗಿನಿಂದ ಅದು ಹಾಗೇ ನಿಂತಿತ್ತು, ಏನಕ್ಕೂ ಬಳಸಿದ್ದನ್ನು ನೋಡಿರಲಿಲ್ಲ. ಮೇಲಿನ ಆಲಿಕೆ ಎತ್ತಿದರೆ ಒಳಗೆ ಬಾಟಲಿ, ಬಾಟಲಿಯಲ್ಲಿ ನೀರು. ಸೊಳ್ಳೆಗೆ ಎಂಥಾ ಜಾಗ ಮಾಡಿ ಕೊಟ್ಟಿದ್ದಾರಪ್ಪ ಅಂದುಕೊಂಡು ಪೂರ್ತಿ ಚೆಲ್ಲಿ, ಬಾಟಲಿಯನ್ನು ಸೋಪು ಹಾಕಿ ತೊಳೆದು, ಬಿಸಿಲಿಗೆ ಇಟ್ಟೆ.

ಎಂಟು ಗಂಟೆಗೆ ಗಂಡ ಗೆರೆ ಹಾಕಿದ ಗಾಜಿನ ಅಳತೆ ಲೋಟ ಹಿಡಿದು ಕಟ್ಟೆಯ ಹತ್ತಿರ ಹೋದರು. ಆಲಿಕೆ ಎತ್ತಿದರು. ಡಬ್ಬದೊಳಗೆ ನೋಡಿದರು. ಆಕಾಶ ನೋಡಿದರು. ನನ್ನನ್ನು ನೋಡಿದರು.

‘ಇದ್ರಲ್ಲಿದ್ದ ಮಳೆ ಎಲ್ಲಿ?’

‘ಮಳೆ ಅಲ್ಲ, ಕೊಳೆ ನೀರು. ಚೆಲ್ಲಿದೆ.’

ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. ಕೂಗಾಡಿದ್ದರೆ ನಾನೂ ಕೂಗಾಡಿ ಸಮ ಮಾಡುತ್ತಿದ್ದೆ. ಅದು ತೋಟದ ಮಳೆ ಅಳೆಯುವ ಡಬ್ಬ ಅಂತ ಆ ಮನುಷ್ಯ ಮೆಲ್ಲಗೆ ಹೇಳಿದರು. ತೋಟದ ಸಾಹುಕಾರರು ಚಿಕ್ಕಮಗಳೂರಿನಲ್ಲಿದ್ದಾರೆ. ಮಳೆ ಬಿದ್ದ ಮರುದಿನ ಎಂಟು ಹೊಡೆದ ಮೇಲೆ ಅವರ ಫೋನ್ ಬರುತ್ತದೆ. ರೈಟರಾದವರು ಬೇರೆ ಯಾವುದಕ್ಕೆ ಸುಳ್ಳು ಹೇಳಿದರೂ ಮಳೆಯ ಲೆಕ್ಕಕ್ಕೆ ಹೇಳುವುದಿಲ್ಲ, ಅದೊಂದು ನೇಮ. ಗಂಡ ಅಕ್ಕಪಕ್ಕದ ತೋಟದವರಿಗೆ ಫೋನ್ ಮಾಡಿದರು. ಒಬ್ಬರಲ್ಲಿ ಅರವತ್ತು ಸೆಂಟು, ಇನ್ನೊಬ್ಬರಲ್ಲಿ ಒಂದೂವರೆ ಇಂಚು. ಇಲ್ಲಿನ ಮಳೆಯೇ ಹಾಗೆ, ಬೇಲಿಯ ಈಚೆಗೊಂದು ಆಚೆಗೊಂದು. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ? ‘ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಚೆಲ್ಲಿದ್ದು ನಾನು ಅಂತ ನಾನೇ ಫೋನಲ್ಲಿ ಹೇಳ್ತೀನಿ ಬಿಡಿ’ ಅಂದೆ. ಅಳು ಬರುವ ಹಾಗಾಗಿತ್ತು.

ಹುಡುಗಿ ಜಗಲಿಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. ತಲೆ ಎತ್ತದೆ ಚಟ್ನಿಗೆ ಹೇಳಿದಳು, ‘ಬಸಳಾವತಿಯಲ್ಲಿ ಮಳೆ ಚೆಲ್ಲಿಲ್ಲ.’

ಅಲ್ಲಿಯ ಪರ್ವತದ ತುದಿಯಲ್ಲಿ ನೆಟ್ಟಗಿನ ಗಾಜಿನ ಜಾಡಿಯೊಂದನ್ನು ಅವಳು ಇಟ್ಟಿದ್ದಳಂತೆ. ಚರಿತ್ರೆ ಬರೆಯುವವರಿಗೆ ಬೇಕಲ್ಲ! ಅಂಗಳದಲ್ಲಿದ್ದದ್ದನ್ನೆಲ್ಲ ಬೋರಲು ಹಾಕಿದ ನಾನು ಅದನ್ನು ಮುಟ್ಟಿರಲಿಲ್ಲ, ಯಾಕೆಂದರೆ ನನಗೆ ಆ ದೇಶಕ್ಕೆ ಪ್ರವೇಶವೇ ಇರಲಿಲ್ಲ. ಗಂಡ ಎದ್ದು ಹೊರಟರು. ಹುಡುಗಿ ತಡೆದಳು. ‘ಅಪ್ಪ, ನೀನು ಹೋಗಂಗಿಲ್ಲ. ಚೆಲ್ಲಿದವ್ರೇ ಬಂದು ಕೇಳ್ಬೇಕು.’

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಅನ್ನುತ್ತಾರೆ. ನನಗೆ ಒಂದು ಜಾಡಿ ಮಳೆ ನೀರಿಗೆ ಅಪ್ಪಣೆ ಬೇಕಾಯಿತು. ಚಪ್ಪರದ ಈಚೆ ನಾನು, ಆಚೆ ಅವಳು, ಅವಳ ಪಕ್ಕ ನಾಯಿ.

‘ನಿಮ್ದು ಯಾವ ದೇಶ?’

ಮೊದಲ ಸಲ ನನ್ನ ಮುಖ ನೋಡಿ ಕೇಳಿದ್ದಳು. ‘ಚಿಕ್ಕಮಗಳೂರು’ ಅಂದೆ.

‘ಅಲ್ಲೇನಿದೆ?’

‘ಆಟೋ, ಸೀರೆ ಅಂಗಡಿ, ನಮ್ಮಮ್ಮ.’

‘ಇಲ್ಲಿಗ್ಯಾಕೆ ಬಂದಿದ್ದು?’

‘ಮಳೆ ಎಷ್ಟು ಅಂತ ಕೇಳೋಕೆ.’

‘ಅದಲ್ಲ. ಮೊದ್ಲು ಬಂದಿದ್ದು.’

ಎಂಥೆಂಥ ಗಿರಾಕಿಗಳನ್ನು ಬುಟ್ಟಿಗೆ ಹಾಕಿಕೊಂಡ ಬಾಯಿ ಅವತ್ತು ಬಣ್ಣ ಹಚ್ಚದೆ ಮಾತಾಡಿತು. ‘ನಿಮ್ಮಪ್ಪ ಇಷ್ಟ ಆದ್ರು. ನೀನಿದೀಯ ಅಂತ ಗೊತ್ತಿತ್ತು. ಗೊತ್ತಿದ್ದೇ ಬಂದೆ’ ಅಂದೆ.

ಒಳಗೆ ಫೋನ್ ಹೊಡೆದುಕೊಳ್ಳತೊಡಗಿತು. ‘ಸಾಹುಕಾರ್ರು!’ ಅಂತ ಗಂಡ ಜಗಲಿಯಿಂದ ಪಿಸುಗುಟ್ಟಿದರು, ಅಷ್ಟು ದೂರದಲ್ಲಿದ್ದವರಿಗೆ ಕೇಳಿಸೀತು ಅನ್ನುವ ಹಾಗೆ. ಹುಡುಗಿ ಅದಕ್ಕೆಲ್ಲ ಜಗ್ಗುವವಳಲ್ಲ.

‘ಎಷ್ಟು ದಿನ ಇರೋದು?’

‘ವಾಪಸ್ ಹೋಗೋ ಬಸ್ಸು ಎಷ್ಟು ಹೊತ್ತಿಗೆ ಅಂತ ನಾನು ಕೇಳ್ಕೊಂಡೇ ಬಂದಿಲ್ಲ.’

ಅವಳು ನಗಲಿಲ್ಲ. ಬಳ್ಳಿಯ ಒಂದು ಎಲೆಯನ್ನು ಬೆರಳಲ್ಲಿ ಮಡಿಸುತ್ತಾ, ತೀರಾ ಸಣ್ಣ ದನಿಯಲ್ಲಿ ಕೇಳಿದಳು, ‘ಹುಷಾರ್ ತಪ್ಪಿದ್ರೆ?’

ಈ ಹುಡುಗಿ ಇಷ್ಟು ದಿನ ಗಡಿಯಲ್ಲಿ ನಿಂತು ಏನನ್ನು ಕಾಯುತ್ತಿದ್ದಳು ಅಂತ ಆಗ ಅರ್ಥವಾಯಿತು. ಒಳಗೆ ಬಿಟ್ಟುಕೊಂಡು, ಆಮೇಲೆ ಕಳೆದುಕೊಳ್ಳುವುದು ಅವಳಿಗೆ ಇನ್ನೊಮ್ಮೆ ಬೇಡವಾಗಿತ್ತು. ಸುಳ್ಳು ಹೇಳುವುದು ಸುಲಭವಿತ್ತು. ಮಕ್ಕಳಿಗೆ ಎಲ್ಲರೂ ಹೇಳುತ್ತಾರೆ. ಆದರೆ ಮಳೆಗೇ ಸುಳ್ಳು ಹೇಳದ ಮನೆ ಅದು.

‘ಹುಷಾರು ತಪ್ಪಲ್ಲ ಅಂತ ಹೇಳೋಕೆ ಯಾರಿಗೂ ಆಗಲ್ಲ ಪುಟ್ಟಿ. ಆದ್ರೆ ನಾನಾಗಿ ನಾನು ಎಲ್ಲಿಗೂ ಹೋಗಲ್ಲ. ನೀನು ಮಾತಾಡ್ಸಿದ್ರೂ ಅಷ್ಟೆ, ಬಿಟ್ರೂ ಅಷ್ಟೆ.’

ಫೋನ್ ಹೊಡೆದು ಹೊಡೆದು ನಿಂತಿತು. ಮತ್ತೆ ಶುರುವಾಯಿತು. ಅವಳು ನಾಯಿಯ ಕಡೆ ನೋಡಿದಳು. ಅದು ಬಾಲ ಆಡಿಸಿತು. ಬಸಳೆಯ ಬಳ್ಳಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. ನಾನು ತಲೆ ಬಗ್ಗಿಸಿ ಒಳಗೆ ಹೋದೆ.

ಪರ್ವತ ನನ್ನ ಎದೆಯ ಎತ್ತರವೂ ಇರಲಿಲ್ಲ. ಶಾಲೆಯ ಸ್ಕೇಲನ್ನು ಜಾಡಿಗೆ ತಾಗಿಸಿ ಇಬ್ಬರೂ ಬಗ್ಗಿ ನೋಡಿದೆವು, ತಲೆಗೆ ತಲೆ ತಾಗುವಷ್ಟು ಹತ್ತಿರ. ಇಂಚಿನ ಗೆರೆಯ ಮೇಲೆ ನೀರು ಸಣ್ಣಗೆ ಎದ್ದು ನಿಂತಿತ್ತು. ಅವಳು ‘ಅಪ್ಪಾ, ಒಂದಿಂಚು, ಮೇಲೊಂಚೂರು!’ ಅಂತ ಕೂಗಿದಳು. ಗಂಡ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಮನೆಯವಳು ರೈನ್ ಗೇಜು ತೊಳೆದಿಟ್ಟಿದ್ದು, ಮಗಳ ಜಾಡಿಯಲ್ಲಿ ಸಿಕ್ಕಿದ್ದು, ಎಲ್ಲ. ಆ ಕಡೆಯಿಂದ ಸಾಹುಕಾರರು ನಕ್ಕದ್ದು ಹಿತ್ತಿಲಿಗೂ ಕೇಳಿಸಿತು. ‘ಒಂದಿಂಚು ಸಾಕು ರೈಟ್ರೇ. ಸ್ಪ್ರಿಂಕ್ಲರ್ ಬೇಡ. ನಿಮ್ಮ ಮನೆಯವ್ರಿಗೆ ಹೇಳಿ, ನಮ್ಮ ತೋಟಕ್ಕಿನ್ನು ಡೆಂಗಿ ಬರೋ ಮಾತೇ ಇಲ್ಲ!’

ಬಸಳಾವತಿಯ ಚರಿತ್ರೆಯಲ್ಲಿ ಆ ವರ್ಷಕ್ಕೆ ‘ಮಳೆ ಚೆಲ್ಲಿದ ವರ್ಷ’ ಅಂತ ಹೆಸರು ಬಿತ್ತು. ಬೇರೆಯವರು ಯುದ್ಧ ಗೆದ್ದು ಚರಿತ್ರೆಗೆ ಸೇರುತ್ತಾರೆ, ನಾನು ಬಾಟಲಿ ತೊಳೆದು ಸೇರಿದೆ. ಹುದ್ದೆ ಏನಾದರೂ ಸಿಗಬಹುದೇನೋ ಅಂತ ಆಸೆಪಟ್ಟಿದ್ದೆ. ಪಾಚಿ ಕೆರೆದು ಪರ್ವತವನ್ನು ಚೊಕ್ಕ ಮಾಡಲೇ ಅಂದದ್ದಕ್ಕೆ ಇದ್ದ ಮರ್ಯಾದೆಯೂ ಹೋಯಿತು. ‘ಏನೂ ತೊಳೀಬೇಡಿ, ಸುಮ್ನೆ ಕೂತ್ಕೊಳಿ’ ಅಂತ ಅಪ್ಪಣೆಯಾಯಿತು. ಕೂತೆ. ಭಾನುವಾರದ ಪಾಠಕ್ಕೆ ನಾಯಿ, ಎರಡು ಹೇಂಟೆ, ನಾನು. ಪ್ರಶ್ನೆ ಕೇಳಿದರೆ ಹೇಂಟೆಗಳಿಗಿಂತ ಹೆಚ್ಚೇನೂ ನನಗೆ ಬರುತ್ತಿರಲಿಲ್ಲ. ನನ್ನನ್ನು ಏನಾದರೂ ಅಂತ ಕರೆಯುವುದು ಮಾತ್ರ ಆಗಲೂ ಇರಲಿಲ್ಲ. ಜಡೆಯ ವಿಷಯ ಬಾಚಣಿಗೆಯ ಜೊತೆಗೇ ನಡೆಯುತ್ತಿತ್ತು.

ವಾರ ಕಳೆಯಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ತೋಟ ಬೆಳ್ಳಗೆ ಹೂ ಬಿಟ್ಟು ಘಮ್ಮೆನ್ನುತ್ತಿತ್ತು. ಅವತ್ತೇ ಮಧ್ಯಾಹ್ನ ಕಳಸದಿಂದ ಜೀಪಿನಲ್ಲಿ ಹುಡುಗಿಯ ಅಜ್ಜಿ ಬಂದಿಳಿದರು, ಅವಳಮ್ಮನ ಅಮ್ಮ. ನಾನು ಬಂದ ಮೇಲೆ ಅವರು ಈ ಮನೆಗೆ ಬಂದದ್ದು ಅದೇ ಮೊದಲು. ಮಗಳು ಬಾಳಿದ ಮನೆಯಲ್ಲಿ ಇನ್ನೊಬ್ಬಳು ಕಾಫಿ ಲೋಟ ಹಿಡಿದು ನಿಂತಿರುವುದನ್ನು ನೋಡುವುದು ಯಾವ ತಾಯಿಗೆ ಸುಲಭ? ಅವರು ನನ್ನನ್ನು ‘ನೀವು’ ಅಂತ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಆ ಮರ್ಯಾದೆಗೇ ನನಗೆ ಭಯವಾಯಿತು. ಮೊಮ್ಮಗಳ ಜಡೆ ಮುಟ್ಟಿ ನೋಡಿದರು, ಉಗುರು ನೋಡಿದರು, ಕೆನ್ನೆ ತುಂಬಿದೆಯಾ ಅಂತ ನೋಡಿದರು. ಆಮೇಲೆ ನನ್ನ ಎದುರಿಗೇ ಕೇಳಿದರು.

‘ಇವ್ರನ್ನ ಏನಂತ ಕರೀತೀಯೇ ಪುಟ್ಟಿ?’

‘ಏನೂ ಕರಿಯಲ್ಲ’ ಅಂದಳು ಹುಡುಗಿ.

ಗಂಡ ಏನೋ ಹೇಳಲು ಹೋಗಿ ಕೆಮ್ಮಿದರು. ಅಜ್ಜಿ ನನ್ನ ಕಡೆ ತಿರುಗಿದರು. ಹುಡುಗಿ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ, ಇದೇನು ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ಅಜ್ಜಿಗೆ ಹೇಳಿದಳು.

‘ಇವ್ರು ನಮ್ಮ ದೇಶದವ್ರು ಅಜ್ಜಿ. ಕರೀದಿದ್ರೂ ಇಲ್ಲೇ ಇರ್ತಾರೆ.’

ಹಾಲು ಉಕ್ಕುತ್ತಿದೆ ಅಂತ ಹೇಳಿ ನಾನು ಒಳಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.